ಫೋನಿನ ಅಂಗಡಿಯಲ್ಲಿ ಬೆಲ್ಲ: ಮಂಡಿ ದರ ನೋಡಿ ಬೆಲೆ ಕಟ್ಟಬೇಡಿ

ಕಬ್ಬು ಕಡಿದು, ಆಲೆಮನೆಯಲ್ಲಿ ಬೆಲ್ಲ ತೆಗೆದು, ಮಂಡಿಗೆ ಹಾಕಿ ಬಿಲ್ಲು ಹಿಡಿದು ಬರುವುದು ಮಂಡ್ಯ ಸೀಮೆಯ ಹಳೆಯ ಪದ್ಧತಿ. ಅಲ್ಲಿ ದರ ಕಟ್ಟುವವರು ಕೊಳ್ಳುವವರು. ಈಚೆಗೆ ಕೆಲವು ರೈತ ಕುಟುಂಬಗಳು ಫೋನಿನಲ್ಲೇ ಆರ್ಡರ್ ಹಿಡಿದು ಬೆಂಗಳೂರು, ಮೈಸೂರಿನ ಮನೆಗಳಿಗೆ ಅಚ್ಚು ಬೆಲ್ಲ, ಪುಡಿ ಬೆಲ್ಲ ಕಳಿಸುತ್ತಿವೆ. ಇಲ್ಲಿ ದರ ಕಟ್ಟುವವರು ನಾವೇ. ಕಟ್ಟಲು ಬಾರದೆ ಕೈ ಸುಟ್ಟುಕೊಂಡವರೂ ಇದ್ದಾರೆ. ಈ ಲೇಖಕನೂ ಅವರಲ್ಲೊಬ್ಬ.

ಮೊದಲ ಹಂಗಾಮಿನಲ್ಲಿ ಮಂಡಿ ದರದ ಮೇಲೆ ಕಿಲೋಗೆ 20 ರೂ. ಇಟ್ಟು, 'ಸಾಗಣೆ ಉಚಿತ' ಎಂದು ಬರೆದೆವು. ಆರ್ಡರುಗಳು ಚೆನ್ನಾಗಿಯೇ ಬಂದವು. ಮನೆಮಂದಿಯೆಲ್ಲ ರಾತ್ರಿ ಕೂತು ಪೊಟ್ಟಣ ಕಟ್ಟಿದೆವು. ಹಂಗಾಮು ಮುಗಿದ ಮೇಲೆ ಕೊರಿಯರ್ ರಸೀದಿಗಳನ್ನು ಕೂಡಿಸಿ ನೋಡಿದರೆ, ಸಂಘದ ಸಾಲದ ಕಂತಿಗೆಂದು ಎತ್ತಿಟ್ಟಿದ್ದ ಹಣವೂ ಸ್ವಲ್ಪ ಕರಗಿತ್ತು.

ಆದ್ದರಿಂದ ಬೆಲೆಯನ್ನು ಕೆಳಗಿನಿಂದ ಕಟ್ಟಿಕೊಂಡು ಬರಬೇಕು. ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಲೆಮನೆಯಿಂದ ಇಳಿಯುವಾಗ ಕಿಲೋ ಬೆಲ್ಲಕ್ಕೆ 60 ರೂ. ಬಿತ್ತು. ಕವರು, ರಟ್ಟಿನ ಪೆಟ್ಟಿಗೆ, ಟೇಪು, ಚೀಟಿ ಸೇರಿ 12 ರೂ. ಕಟ್ಟುವ ಕೂಲಿ 6 ರೂ. ಮನೆಯ ಹೆಂಗಸರು ಕಟ್ಟಿದರೂ ಈ 6 ರೂಪಾಯಿ ಹಿಡಿಯಲೇಬೇಕು. ಅವರ ದುಡಿಮೆ ಪುಕ್ಕಟೆಯಲ್ಲ. ಒಡೆದದ್ದು, ವಾಪಸು ಬಂದದ್ದಕ್ಕೆ 4 ರೂ. ಒಟ್ಟು 82. ಲಾಭ 18 ಎಂದರೆ 100 ರೂಪಾಯಿ ನಮ್ಮ ಕೈಗೆ ಬರಬೇಕು. ಸಾಗಣೆ ಬೇರೆ.

ಈ ಬೆಲ್ಲವನ್ನೇ ಅಂತರ್ಜಾಲದ ದೊಡ್ಡ ಅಂಗಡಿಯೊಂದರಲ್ಲಿ ಇಟ್ಟಿರಿ, ಅವರ ಕಮಿಷನ್ ಶೇ. 15 ಎನ್ನೋಣ. 115 ರೂ. ಬರೆದರೆ ಸಾಕೆಂದು ಬಹಳ ಜನ ತಿಳಿಯುತ್ತಾರೆ. ಸಾಲದು. ಕಮಿಷನ್ ಹಿಡಿಯುವುದು ನಮ್ಮ ಅಸಲಿನ ಮೇಲಲ್ಲ, ಮಾರಿದ ಬೆಲೆಯ ಮೇಲೆ. 115ರಲ್ಲಿ 17 ರೂ. 25 ಪೈಸೆ ಹೋಗಿ ಕೈಗೆ ಬರುವುದು 97 ರೂ. 75 ಪೈಸೆ. 100 ಉಳಿಯಬೇಕಾದರೆ ಬೆಲೆ 118 ಇರಬೇಕು. ಕಮಿಷನ್ನಿನ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ ಆ 15 ಎಂಬುದು 17.7 ಆಗುತ್ತದೆ, ಆಗ 122 ಇಡಬೇಕು.

ರಿಯಾಯಿತಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನೇರವಾಗಿ 100 ರೂಪಾಯಿಗೆ ಮಾರುವವರು ಹಬ್ಬಕ್ಕೆಂದು 10 ರೂ. ಇಳಿಸಿದರೆ ಗಿರಾಕಿಗೆ ಅದು ಹತ್ತನೆಯ ಒಂದು ಪಾಲು. ನಮ್ಮ ಲಾಭ 18ರಿಂದ 8ಕ್ಕೆ ಇಳಿಯುತ್ತದೆ. ಮೊದಲು 100 ಕಿಲೋ ಮಾರಿ ಗಳಿಸುತ್ತಿದ್ದ 1,800 ರೂಪಾಯಿಗೆ ಈಗ 225 ಕಿಲೋ ಮಾರಬೇಕು. ಅಷ್ಟು ಬೆಲ್ಲ ಮನೆಯಲ್ಲಿದೆಯೇ, ಕಟ್ಟುವ ಕೈಗಳಿವೆಯೇ ಎಂದು ಕೇಳಿಕೊಂಡು ಇಳಿಸಿ.

ತೂಕದ ಮೆಟ್ಟಿಲು

ಕೊರಿಯರ್‌ನವರಲ್ಲಿ ಅನೇಕರು ಅರ್ಧ ಅರ್ಧ ಕಿಲೋ ಲೆಕ್ಕದಲ್ಲಿ ದರ ಹಾಕುತ್ತಾರೆ. ಒಂದು ಕಿಲೋ ಬೆಲ್ಲ, 120 ಗ್ರಾಂ ಪೆಟ್ಟಿಗೆ ಸೇರಿದರೆ ಒಂದೂವರೆ ಕಿಲೋ ದರ ತೆರಬೇಕು. 380 ಗ್ರಾಂ ಜಾಗಕ್ಕೆ ಸುಮ್ಮನೆ ದುಡ್ಡು. ಅದೇ ಪೆಟ್ಟಿಗೆಯಲ್ಲಿ ಕಾಲು ಕಿಲೋ ಎಳ್ಳನ್ನೋ ಕಡಲೆಕಾಯಿ ಬೀಜವನ್ನೋ ಜೊತೆಗಿಟ್ಟು ಮಾರಿದರೆ ಸಾಗಣೆ ಹೆಚ್ಚುವುದಿಲ್ಲ, ಮಾರಾಟ ಹೆಚ್ಚುತ್ತದೆ. ಸಂಕ್ರಾಂತಿಯ ಮುಂಚೆ ಎಳ್ಳು, ಬೆಲ್ಲ, ಕಡಲೆ, ಕೊಬ್ಬರಿಯ ಪೆಟ್ಟಿಗೆ ಮಾಡಲು ಇದೊಂದು ಕಾರಣವೇ ಸಾಕು. ಪೆಟ್ಟಿಗೆ ದೊಡ್ಡದಾಗಲೂ ಬಾರದು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಬಂದದ್ದನ್ನೇ ತೂಕವೆಂದು ಹಿಡಿಯುವವರಿದ್ದಾರೆ. 30, 25, 20ರ ಪೆಟ್ಟಿಗೆಯಲ್ಲಿ ಎರಡು ಕಿಲೋ ಇಟ್ಟರೂ ಮೂರು ಕಿಲೋ ದರ ಬೀಳುತ್ತದೆ.

'ಮಾಲು ಮುಟ್ಟಿದ ಮೇಲೆ ಹಣ' ಎಂಬ ಪದ್ಧತಿಯನ್ನು ನಾವು ಬಿಟ್ಟಿದ್ದೇವೆ. ಬಾಗಿಲಿಗೆ ಹೋದಾಗ ಬೇಡವೆಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೆ. ಯುಪಿಐನಲ್ಲಿ ಮೊದಲೇ ಹಣ ಹಾಕಿದವರಿಗೆ ಮಾತ್ರ ಕಳಿಸುವುದು ಲೇಸು.

ಪ್ರಚಾರಕ್ಕೆ ಹಣ ಸುರಿಯಬೇಕಾಗಿಲ್ಲ. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ವಿಳಾಸ, ನಿವ್ವಳ ತೂಕ, ತಿಂಗಳು ಮತ್ತು ವರ್ಷ, ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಫೋನ್ ಸಂಖ್ಯೆ ಇರಬೇಕೆಂದು ಕಾನೂನೇ ಹೇಳುತ್ತದೆ. ಅದನ್ನು ಓದಲು ಬರುವಂತೆ ಅಚ್ಚು ಹಾಕಿಸಿದರೆ ಅದೇ ಜಾಹೀರಾತು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಣ್ಣವರಿಗೂ ಬೇಕು. ಪೊಟ್ಟಣ ಕಟ್ಟಿ ಹೆಸರು ಹಾಕಿದ ಬೆಲ್ಲ 2022ರ ಜುಲೈ 18ರಿಂದ ಜಿಎಸ್‌ಟಿ ವ್ಯಾಪ್ತಿಗೆ ಬಂದಿದೆ. ಹೊರ ರಾಜ್ಯದ ಆರ್ಡರ್ ಒಪ್ಪುವ ಮೊದಲು ತೆರಿಗೆ ಬಲ್ಲವರನ್ನು ಕೇಳಿ.

ಒಮ್ಮೆ ಕೊಂಡವರ ಪಟ್ಟಿಯನ್ನು ಪುಸ್ತಕದಲ್ಲಿ ಬರೆದಿಡಿ. ಯುಗಾದಿಗೆ ಎರಡು ವಾರ ಮುಂಚೆ ಅವರಿಗೊಂದು ಸಂದೇಶ ಹೋಗಲಿ. ದಿನಾ ಕಳಿಸಿದರೆ ಬೇಸರಪಟ್ಟು ನಮ್ಮ ನಂಬರನ್ನೇ ತಡೆದುಬಿಡುತ್ತಾರೆ.

ಚಿತ್ರವನ್ನು ಹಗಲು ಬೆಳಕಿನಲ್ಲಿ ತೆಗೆಯಿರಿ, ಬಣ್ಣ ತಿದ್ದಬೇಡಿ. ಹೈಡ್ರೋಸ್ ಹಾಕದ ಬೆಲ್ಲ ಕಂದಾಗಿಯೇ ಇರುತ್ತದೆ. ಹಳದಿ ಬೆಲ್ಲಕ್ಕೆ ಕಣ್ಣು ಒಗ್ಗಿದ ಪಟ್ಟಣದವರು 'ಹಳೆಯ ಮಾಲು' ಎಂದು ಜಗಳಕ್ಕೆ ಬರುತ್ತಾರೆ. ಬಣ್ಣದ ಕಾರಣವನ್ನು ಚಿತ್ರದ ಕೆಳಗೇ ಎರಡು ಸಾಲು ಬರೆದ ಮೇಲೆ ನಮಗೆ ಅಂಥ ಫೋನುಗಳು ಬಹುಪಾಲು ನಿಂತವು. ಮಳೆಗಾಲದ ತೊಂದರೆ ಮಾತ್ರ ಉಳಿದಿದೆ. ಥಂಡಿಗೆ ಬೆಲ್ಲ ಪಸೆ ಹಿಡಿದು ಪೆಟ್ಟಿಗೆಯೇ ಮೆತ್ತಗಾಗುತ್ತದೆ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಡಿ ಬೆಲ್ಲದ ಆರ್ಡರನ್ನು ನಾವು ಹಿಡಿಯುತ್ತಿಲ್ಲ. ಅಚ್ಚು ಬೆಲ್ಲವನ್ನು ಎರಡು ಕವರು ಹಾಕಿ, ಕವರಿನ ಖರ್ಚು ಸೇರಿಸಿ ಕಳಿಸುತ್ತೇವೆ.