ನಾಯಿಗೂ ಒಂದು ಸಾಸೇಜ್?

ಯುಗಾದಿಯ ಮರುದಿನ ವರ್ಷತೊಡಕು. ನಂಜನಗೂಡು, ತಿ. ನರಸೀಪುರ ಸೀಮೆಯ ಊರುಗಳಲ್ಲಿ ಅಂದು ಮಧ್ಯಾಹ್ನಕ್ಕೆಲ್ಲ ಬಾಡಿನ ಘಮಲು ಬೀದಿಗೆ ಬಂದಿರುತ್ತದೆ. ಮನೆಯವರ ಊಟ ಮುಗಿದ ಮೇಲೆ ಎಲೆಯಲ್ಲಿ ಉಳಿದ ಮೂಳೆ, ಕೊಬ್ಬು, ಸಾರು ಕಲಸಿದ ಮುದ್ದೆ ಬಾಗಿಲಲ್ಲಿ ಕಾದಿರುವ ನಾಯಿಯ ಪಾಲು. ಈ ಹಳೆಯ ರೂಢಿಗೆ ಈಗ ಹೊಸ ತಿಂಡಿಯೊಂದು ಸೇರಿಕೊಂಡಿದೆ: ಅಂಗಡಿಯ ಫ್ರೀಜರ್‌ನಿಂದ ಬರುವ ಚಿಕನ್ ಸಾಸೇಜ್, ಸಲಾಮಿ, ನಗೆಟ್ಸ್. ಮಕ್ಕಳಿಗೆ ನಾಲ್ಕು ಕರಿದರೆ ನಾಯಿಮರಿಗೂ ಒಂದು.

ನಾಯಿ ಮಾಂಸ ತಿನ್ನುವ ಪ್ರಾಣಿ, ಇದರಿಂದ ಏನಾದೀತು ಎಂಬುದು ಸಾಕಿದವರ ಲೆಕ್ಕ. ಆದರೆ ಮಾಂಸದ ಜೊತೆಗೆ ಸೇರಿಸಿದ ಉಪ್ಪು, ಮಸಾಲೆ, ಕೊಬ್ಬು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಮಾಂಸ ಕೆಡದಂತೆ ಇಡುವುದೇ ದೊಡ್ಡ ವಿದ್ಯೆ. ಮೈಸೂರಿನಲ್ಲಿ 1961ರಲ್ಲಿ ಸ್ಥಾಪನೆಯಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರ ಊಟವನ್ನು ತಿಂಗಳುಗಟ್ಟಲೆ ಕಾಪಾಡುವ ಬಗೆಗಳ ಮೇಲೆ ಕೆಲಸ ಮಾಡಿದೆ. ಸಾಸೇಜ್, ಸಲಾಮಿಗಳಲ್ಲಿ ಆ ಕಾವಲು ಬಹುಪಾಲು ಉಪ್ಪು ಮತ್ತು ಸೋಡಿಯಂ ನೈಟ್ರೈಟ್‌ನದು. ನೈಟ್ರೈಟ್ ಮಾರಕ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಆ ಗುಲಾಬಿ ಬಣ್ಣವನ್ನೂ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆ ತೀರ್ಮಾನ ಮನುಷ್ಯರ ಕುರಿತದ್ದು. ಆದರೂ ಮನುಷ್ಯರೇ ಮಿತಿಯಲ್ಲಿ ತಿನ್ನಬೇಕಾದ್ದನ್ನು ನಾಯಿಗೆ ದಿನವೂ ಹಾಕುವುದರಲ್ಲಿ ಅರ್ಥವಿಲ್ಲ.

ಉಪ್ಪಿನ ಲೆಕ್ಕ ಇನ್ನೂ ಸ್ಪಷ್ಟ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಶಿಫಾರಸಿನಂತೆ 10 ಕೆ.ಜಿ. ತೂಗುವ ನಾಯಿಗೆ ದಿನಕ್ಕೆ ಬೇಕಾದ ಸೋಡಿಯಂ ಸುಮಾರು 150 ಮಿಲಿಗ್ರಾಂ. 100 ಗ್ರಾಂಗೆ 800 ಮಿಲಿಗ್ರಾಂ ಸೋಡಿಯಂ ಇರುವ ಸಾಸೇಜ್ ಆದರೆ, 40 ಗ್ರಾಮಿನ ಒಂದರಲ್ಲೇ 320 ಮಿಲಿಗ್ರಾಂ. ಕುಡಿಯಲು ನೀರಿದ್ದರೆ ಆರೋಗ್ಯವಂತ ನಾಯಿ ಅಪರೂಪಕ್ಕೊಮ್ಮೆ ಇದನ್ನು ತಾಳಿಕೊಳ್ಳುತ್ತದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವ ನಾಯಿಗೆ ಇದು ನೇರ ಹೊರೆ.

ಉಪ್ಪಿಗಿಂತ ಮೋಸದ್ದು ಈರುಳ್ಳಿ, ಬೆಳ್ಳುಳ್ಳಿ. ಇವುಗಳಲ್ಲಿರುವ ಗಂಧಕಯುಕ್ತ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಈರುಳ್ಳಿ ತಿನ್ನಿಸಿದ ನಾಯಿಗಳಲ್ಲಿ ರಕ್ತಹೀನತೆ ಉಂಟಾಗುವುದು 1930ರಲ್ಲೇ ವರದಿಯಾಗಿದೆ. ದೇಹತೂಕದ ಶೇ 0.5ರಷ್ಟು, ಅಂದರೆ 10 ಕೆ.ಜಿ. ನಾಯಿಗೆ 50 ಗ್ರಾಂ ಈರುಳ್ಳಿ ಅಪಾಯದ ಗಡಿ. ಬೇಯಿಸಿದರೂ ಹುರಿದರೂ ಒಣಗಿಸಿ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಪುಡಿಯಲ್ಲಂತೂ ಅದು ಇನ್ನಷ್ಟು ಸಾಂದ್ರ. ಸಂಸ್ಕರಿಸಿದ ಮಾಂಸದ ಮಸಾಲೆಯಲ್ಲಿ ಸಾಮಾನ್ಯವಾಗಿ ಇರುವುದು ಈ ಪುಡಿಯೇ. ನಮ್ಮ ಕೋಳಿ ಸಾರು, ಬಿರಿಯಾನಿಗಳೂ ಈ ಮಾತಿಗೆ ಹೊರತಲ್ಲ. ಲಕ್ಷಣಗಳು ಕಾಣಲು ಕೆಲವು ದಿನ ಹಿಡಿಯುವುದರಿಂದ ತಿಂದದ್ದಕ್ಕೂ ಕಾಯಿಲೆಗೂ ನಂಟಿದೆ ಎಂಬುದೇ ಮನೆಯವರಿಗೆ ಹೊಳೆಯುವುದಿಲ್ಲ.

ಕೊಬ್ಬಿನ ಏಟು ಮಾತ್ರ ಬೇಗ ಗೊತ್ತಾಗುತ್ತದೆ. ಒಮ್ಮೆಗೇ ಹೆಚ್ಚು ಜಿಡ್ಡು ತಿಂದ ನಾಯಿಯ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಪದೇ ಪದೇ ವಾಂತಿ, ಊಟ ಬಿಡುವುದು, ಮುಂಗಾಲು ಚಾಚಿ ಹಿಂಭಾಗ ಎತ್ತಿ ನಿಲ್ಲುವುದು ಇದರ ಗುರುತು. ಜೀವಕ್ಕೇ ಎರವಾಗುವ ಸಂಭವವೂ ಉಂಟು. ಬೆಂದ ಮೂಳೆಯದು ಬೇರೆಯೇ ಕಥೆ: ಅದು ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಿಕೊಳ್ಳುತ್ತದೆ.

ಹಾಗಾದರೆ ಏನು ಹಾಕುವುದು? ಮನುಷ್ಯರ ಜೊತೆ ಬದುಕುತ್ತ ನಾಯಿಗಳು ಪಿಷ್ಟ ಅರಗಿಸುವ ಶಕ್ತಿಯನ್ನು ತೋಳಗಳಿಗಿಂತ ಹೆಚ್ಚಾಗಿ ಗಳಿಸಿಕೊಂಡಿವೆ ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾಗಿ ಅನ್ನ, ಮುದ್ದೆ ನಾಯಿಗೆ ಒಗ್ಗದ ಊಟವೇನಲ್ಲ. ಆದರೆ ಬರೀ ಅವಷ್ಟೇ ಸಾಲವು. ಹಬ್ಬದ ದಿನ ಮಸಾಲೆ ಬೀಳುವ ಮೊದಲೇ ನಾಲ್ಕು ಮೆತ್ತನೆಯ ತುಂಡುಗಳನ್ನು ಉಪ್ಪಿಲ್ಲದೆ ಬೇಯಿಸಿ, ಮೂಳೆ, ಚರ್ಮ, ಕೊಬ್ಬು ತೆಗೆದು ಅನ್ನಕ್ಕೆ ಕಲಸಿದರೆ ನಾಯಿಯ ಬಾಡೂಟವೂ ಆಯಿತು, ಅಪಾಯವೂ ತಪ್ಪಿತು.

ಕಣ್ಣು ತಪ್ಪಿಸಿ ಸಾಸೇಜ್ ಪೊಟ್ಟಣವನ್ನೇ ನಾಯಿ ಮುಗಿಸಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಅದು ಉಪ್ಪಿನ ಮೇಲೆ ಉಪ್ಪು ಸುರಿದಂತೆ. ಕುಡಿಯಲು ಸಾದಾ ನೀರಿಡಿ. ಒಸಡು ಬಿಳಿಚಿಕೊಂಡರೆ, ಮೂತ್ರ ಕಂದುಗಟ್ಟಿದರೆ, ವಾಂತಿ ನಿಲ್ಲದಿದ್ದರೆ, ನಾಯಿ ತೂರಾಡಿದರೆ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು ಕೂಡಲೇ ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು ಎಂಬ ಮೂರು ಮಾತು ವೈದ್ಯರಿಗೆ ಮೊದಲು ತಿಳಿಸಿ.