ಕಾರ್ಖಾನೆಯ ಏರಿಳಿತ ಮತ್ತು ಗಣಕಯಂತ್ರದ ಮಾದರಿ

ಉದ್ಯಮಗಳ ಕಚೇರಿಯನ್ನು ಗಣಕಯಂತ್ರವು ಮೊದಲು ಪ್ರವೇಶಿಸಿದುದು ಗುಮಾಸ್ತನಾಗಿ. ಲಂಡನ್ನಿನ ಲಯನ್ಸ್ ಸಂಸ್ಥೆಯು 1951ರಲ್ಲಿ 'ಲಿಯೊ' ಎಂಬ ಯಂತ್ರವನ್ನು ತನ್ನ ಬೇಕರಿಯ ಲೆಕ್ಕಕ್ಕೆ ಹಚ್ಚಿತು. ಮನುಷ್ಯನು ಮಾಡುತ್ತಿದ್ದ ಲೆಕ್ಕವನ್ನೇ ಅದು ಬೇಗನೆ ಮಾಡಿಕೊಡುತ್ತಿದ್ದಿತು. ಉದ್ಯಮವು ತನ್ನ ನಡವಳಿಕೆಯನ್ನೇ ಅರಿತುಕೊಳ್ಳಲು ಈ ಯಂತ್ರವು ನೆರವಾದೀತೆಂಬ ವಿಚಾರ ಬೇರೆಯದು. ಅದರ ಚರಿತ್ರೆಯು ಇತಿಹಾಸದ ವಿದ್ಯಾರ್ಥಿಗಳಿಗೂ ಗಮನಾರ್ಹವಾದುದು.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ 'ವರ್ಲ್‌ವಿಂಡ್' ಗಣಕಯಂತ್ರದ ನಿರ್ಮಾಣದ ನೇತೃತ್ವ ವಹಿಸಿದ್ದ ಜೇ ಫಾರೆಸ್ಟರ್ 1956ರಲ್ಲಿ ಅಲ್ಲಿಯೇ ಆಡಳಿತಶಾಸ್ತ್ರದ ವಿಭಾಗಕ್ಕೆ ಬಂದರು. ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಅಧಿಕಾರಿಗಳು ಅವರ ಮುಂದೆ ಒಂದು ಸಮಸ್ಯೆಯನ್ನಿಟ್ಟರು. ಕೆಂಟಕಿಯಲ್ಲಿದ್ದ ಅವರ ಗೃಹೋಪಕರಣಗಳ ಕಾರ್ಖಾನೆಗಳು ಕೆಲವೊಮ್ಮೆ ಮೂರು ನಾಲ್ಕು ಪಾಳಿಗಳಲ್ಲಿ ದುಡಿಯುತ್ತಿದ್ದವು. ಕೆಲವು ವರ್ಷಗಳಲ್ಲಿಯೇ ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ಕೆಲಸ ಕಳೆದುಕೊಳ್ಳುತ್ತಿದ್ದರು. ಇದು ದೇಶದ ವ್ಯಾಪಾರಚಕ್ರದ ಫಲವೆಂಬ ಸಮಾಧಾನವು ಸಾಲದಾಗಿದ್ದಿತು.

ಫಾರೆಸ್ಟರ್ ಮೊದಲು ಮಾಡಿದುದು ವಿಚಾರಣೆ: ದಾಸ್ತಾನು ಎಷ್ಟಿರಬೇಕೆಂದು, ಜನರನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಹೇಗೆ ತೀರ್ಮಾನಿಸುವಿರಿ? ಉತ್ತರಗಳನ್ನು ನಿಯಮಗಳಾಗಿ ಬರೆದುಕೊಂಡು, ಪುಸ್ತಕದ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದಲೇ ವಾರ ವಾರದ ಲೆಕ್ಕವನ್ನು ಮುಂದುವರಿಸಿದರು. ಹೊರಗಿನ ಬೇಡಿಕೆ ಸ್ಥಿರವಾಗಿದ್ದರೂ ಏರಿಳಿತವು ಒಳಗಿನಿಂದಲೇ ಹುಟ್ಟಬಹುದೆಂದು ಕಂಡುಬಂದಿತು.

ಇದು ಹೇಗೆಂಬುದನ್ನು ಒಂದು ಕಲ್ಪಿತ ನಿದರ್ಶನದಿಂದ ನೋಡೋಣ. ಅಂಗಡಿಯಾತನು ವಾರಕ್ಕೆ 100 ಪದಾರ್ಥಗಳನ್ನು ಮಾರಿ, ಎರಡು ವಾರದ ಮಾರಾಟದಷ್ಟು, ಅಂದರೆ 200ನ್ನು, ದಾಸ್ತಾನಿನಲ್ಲಿಡುವನು. ಸಗಟು ವ್ಯಾಪಾರಿಯ ಪದ್ಧತಿಯೂ ಇದೇ. ಇಬ್ಬರಿಗೂ ವಾರದ ಸರಕು ಎಂದಿನಂತೆ 100 ಬಂದಿದೆ. ಮಾರಾಟವು 110ಕ್ಕೇರಿತೆನ್ನಿ. ಅಂಗಡಿಯಲ್ಲಿ ಉಳಿಯುವುದು 190, ಇರಬೇಕಾದುದು 220. ಮಾರಿದ 110ಕ್ಕೆ ಕೊರತೆಯ 30ನ್ನು ಕೂಡಿಸಿ ಆತನು 140ಕ್ಕೆ ಬರೆಯುವನು. ಅದನ್ನು ಒದಗಿಸಿದ ಸಗಟು ವ್ಯಾಪಾರಿಯಲ್ಲಿ ಉಳಿಯುವುದು 160, ಬೇಕಾದುದು 280. ಆತನು ಕಾರ್ಖಾನೆಯಿಂದ 260ನ್ನು ಕೇಳುವನು. ಮರುವಾರ ಎಲ್ಲ ಸರಕೂ ತಲಪಿತು. ಮಾರಾಟ 110ರಲ್ಲಿಯೇ ನಿಂತಿದೆ. ಅಂಗಡಿಯ ದಾಸ್ತಾನು ಸರಿಯಾಗಿ 220. ಆತನು 110ನ್ನು ಮಾತ್ರ ತರಿಸುವನು. ಸಗಟು ವ್ಯಾಪಾರಿಯಲ್ಲಿ 310 ಉಳಿದು, ಅಗತ್ಯ 220ಕ್ಕಿಳಿದುದರಿಂದ, ಕಾರ್ಖಾನೆಗೆ ಹೋಗುವ ಬೇಡಿಕೆ ಕೇವಲ 20! ಇಬ್ಬರೂ ವಿವೇಕಿಗಳೇ, ಯಾರೂ ತಪ್ಪೆಸಗಿಲ್ಲ. ಆದರೂ ಹಿಂದಿನ ವಾರ ಹೆಚ್ಚು ಜನರನ್ನು ಕರೆದ ಕಾರ್ಖಾನೆಯು ಈ ವಾರ ಅವರನ್ನು ಮನೆಗೆ ಕಳುಹಿಸಬೇಕು. ಸರಕು ತಲಪಲು ಹಲವು ವಾರಗಳ ವಿಳಂಬವಿದ್ದಲ್ಲಿ ಲೆಕ್ಕವು ಇನ್ನೂ ತೊಡಕಾಗುವುದು.

ಇಂಥ ಲೆಕ್ಕವನ್ನು ನೂರಾರು ವಾರಗಳವರೆಗೆ ಒಯ್ಯಲು ಯಂತ್ರವು ಬೇಕಾಯಿತು. ರಿಚರ್ಡ್ ಬೆನೆಟ್ 1958ರಲ್ಲಿ 'ಸಿಂಪಲ್' ಎಂಬ ಕ್ರಮವಿಧಿಯನ್ನು ರಚಿಸಿದರು. ಫಿಲಿಸ್ ಫಾಕ್ಸ್ ಮತ್ತು ಅಲೆಗ್ಸಾಂಡರ್ ಪ್ಯೂ 1959ರಲ್ಲಿ ಅದನ್ನು 'ಡೈನಮೊ' ಆಗಿ ಬೆಳೆಸಿದರು. ಫಾರೆಸ್ಟರರ 'ಇಂಡಸ್ಟ್ರಿಯಲ್ ಡೈನಮಿಕ್ಸ್' ಗ್ರಂಥವು 1961ರಲ್ಲಿ ಪ್ರಕಟವಾಯಿತು.

ಇಂತಹ ಮಾದರಿಯನ್ನು ಭವಿಷ್ಯವಾಣಿಯೆಂದು ಭಾವಿಸುವವರು ಬಹಳ. ನನ್ನ ಎಣಿಕೆಯಲ್ಲಿ ಅದರ ಬೆಲೆ ಬೇರೆಡೆ ಇದೆ. ಹಳೆಯ ವರ್ತಕರ ಲೆಕ್ಕದ ಪುಸ್ತಕಗಳನ್ನು ಓದುವ ನಮಗೆ ಕೊಟ್ಟುದು ಪಡೆದುದು ತಿಳಿಯುತ್ತದೆ. ಆತನು ಏಕೆ ಅಷ್ಟೇ ಕೊಂಡನೆಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ಆ ಅಲಿಖಿತ ನಿಯಮವನ್ನು ಬಾಯಿಬಿಡಿಸಿ, ಅದರ ಪರಿಣಾಮವನ್ನು ಬರೆದವನಿಗೇ ತೋರಿಸುವುದು ಮಾದರಿಯ ಕೆಲಸ. ಕೇಳದೆ ಬಿಟ್ಟುದು ಅದರಲ್ಲಿರುವುದಿಲ್ಲವೆಂಬುದೂ ಅಷ್ಟೇ ನಿಜ: ಕೆಲಸ ಕಳೆದುಕೊಂಡವನು ಅಲ್ಲಿ ಒಂದು ಅಂಕಿ ಮಾತ್ರ.

ಇದೇ ಸಂಸ್ಥೆಯಲ್ಲಿ ರೂಪುಗೊಂಡ, ಯಂತ್ರವಿಲ್ಲದೆಯೇ ಆಡಬಹುದಾದ 'ಬಿಯರ್ ಆಟ'ವೊಂದುಂಟು. ನಾಲ್ವರು ವರ್ತಕ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆಗಳಾಗಿ ಕುಳಿತು, ಪರಸ್ಪರ ಮಾತನಾಡದೆ ಸರಕು ತರಿಸಬೇಕು. ಆಟ ಮುಗಿದ ಬಳಿಕ ಗ್ರಾಹಕರ ಬೇಡಿಕೆ ಹೇಗಿದ್ದಿತೆಂದು ಕೇಳಿದರೆ, ಬಹುಮಂದಿ ಆಟಗಾರರು ಭಾರಿ ಏರಿಳಿತವನ್ನೇ ಚಿತ್ರಿಸುತ್ತಾರೆ. ನಿಜಕ್ಕೂ ಅದು ಒಂದೇ ಸಲ, 4 ಪೆಟ್ಟಿಗೆಗಳಿಂದ 8ಕ್ಕೇರಿ, ಅಲ್ಲಿಯೇ ನಿಂತಿರುತ್ತದೆ.