ಫೋನ್ ಬರುವ ಮೊದಲೇ ಕೊಟ್ಟ ರಕ್ತ

ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯ ಆಟೋ ಚಾಲಕರ ಫೋನ್. ದೇವದುರ್ಗದಿಂದ ಹೆರಿಗೆಗೆ ರಾಯಚೂರಿಗೆ ತಂದ ಅವರ ತಂಗಿಗೆ ರಕ್ತಸ್ರಾವ. “ಉಸ್ತಾದ್ರ, ಓ ನೆಗೆಟಿವ್ ಬೇಕಂತ್ರಿ. ನಿಮ್ಮ ಕಡೆ ಹುಡುಗರು ಯಾರರ ಅದಾರೇನ್ರಿ?” ಅಂದ್ರು.

ಬೇಕರಿಯಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನೊಬ್ಬ ಓಡಿ ಹೋಗಿ ರಕ್ತ ಕೊಟ್ಟ. ಆದರೆ ಆ ಗಳಿಗೆಗೆ ತಾಯಿಯನ್ನು ಉಳಿಸಿದ್ದು ಅವನ ರಕ್ತ ಅಲ್ಲ. ಯಾರೋ ಮೊದಲೇ ಕೊಟ್ಟು ಹೋಗಿದ್ದ, ಫ್ರಿಜ್‌ನಲ್ಲಿದ್ದ ಒಂದು ಬಾಟ್ಲಿ.

“ನನ್ನ ರಕ್ತ ತೆಗೆದು ಈಗಲೇ ಕೊಡಿ” ಅಂತ ಎಷ್ಟೋ ಜನ ಜಗಳಕ್ಕೆ ನಿಲ್ಲುತ್ತಾರೆ. ಹಾಗೆ ಕೊಡಲು ಬರುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದರ ಪರೀಕ್ಷೆ ಮುಗಿಯಲೇಬೇಕು, ಅದಕ್ಕೆ ಗಂಟೆಗಳು ಬೇಕು. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೂ ಸಿಗದೆ ಹೋಗಬಹುದು. ಆದ್ದರಿಂದ ಫಾರಂನಲ್ಲಿ ಕೇಳಿದ್ದಕ್ಕೆ ನಿಜ ಹೇಳುವುದೂ ದಾನದ ಒಂದು ಭಾಗವೇ.

ಹಿಂದೆ ದುಡ್ಡಿಗೆ ರಕ್ತ ಮಾರುವವರಿದ್ದರು. ಬಡತನಕ್ಕೆ ಕಾಯಿಲೆ ಮುಚ್ಚಿಡುತ್ತಿದ್ದರು. 1996ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ 1998ರ ಜನವರಿಯಿಂದ ಅದು ನಿಂತಿತು. ಈಗ ರಕ್ತನಿಧಿಗಳು ಪರೀಕ್ಷೆ, ಸಂಗ್ರಹದ ಖರ್ಚು ಮಾತ್ರ ಪಡೆಯಬಹುದು, ರಕ್ತಕ್ಕೆ ಬೆಲೆ ಕಟ್ಟುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.85 ಕೋಟಿ ಬಾರಿ ರಕ್ತದಾನ ಆಗುತ್ತದೆ. ಅದರಲ್ಲಿ ಶೇ. 40 ಶ್ರೀಮಂತ ದೇಶಗಳಲ್ಲಿ, ಅಲ್ಲಿರುವ ಜನ ಶೇ. 16 ಮಾತ್ರ. ಇದೇ ಅಂತರ ನಮ್ಮ ಜಿಲ್ಲೆಯೊಳಗೂ ಇದೆ. ದೊಡ್ಡ ಆಸ್ಪತ್ರೆಗಳು, ರಿಮ್ಸ್‌ನ ರಕ್ತನಿಧಿ ಎಲ್ಲ ರಾಯಚೂರಿನಲ್ಲಿ. ಮಾನ್ವಿ, ದೇವದುರ್ಗದವರಿಗೆ ಐವತ್ತು ಕಿ.ಮೀ. ಆಸುಪಾಸಿನ ದಾರಿ. ಬೇಸಿಗೆಯಲ್ಲಿ ಕಾಲೇಜಿಗೆ ರಜೆ, ಬಿಸಿಲಿಗೆ ಶಿಬಿರಗಳೂ ಕಮ್ಮಿ. ಕೆಂಪು ರಕ್ತಕಣ ಇಡಬಹುದಾದದ್ದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಒಮ್ಮೆ ದೊಡ್ಡ ಶಿಬಿರ ಮಾಡಿ ವರ್ಷವಿಡೀ ಸುಮ್ಮನಿದ್ದರೆ ಸಾಲದು.

18ರಿಂದ 65 ವಯಸ್ಸು, ಕನಿಷ್ಠ 45 ಕೆ.ಜಿ. ತೂಕ, 12.5 ಹಿಮೋಗ್ಲೋಬಿನ್ ಇದ್ದು ಆರೋಗ್ಯವಂತರಾಗಿದ್ದರೆ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ರಂಝಾನಿನಲ್ಲಿ ದಾನಿಗಳು ಕಮ್ಮಿಯಾಗುತ್ತಾರೆ, ಆಸ್ಪತ್ರೆಯ ಅಗತ್ಯ ಕಮ್ಮಿಯಾಗುವುದಿಲ್ಲ. ಇಫ್ತಾರ್ ಮುಗಿಸಿ, ಚೆನ್ನಾಗಿ ನೀರು ಕುಡಿದು ಹೋಗಬಹುದಲ್ಲ?

ಊರಲ್ಲಿ ರಕ್ತದಾನಕ್ಕೆ ಮುಂದೆ ನಿಲ್ಲುವ ನಮ್ಮ ಮಕ್ಕಳು ಹೊಟ್ಟೆಪಾಡಿಗೆ ಬಂದ ಊರಲ್ಲೂ ಹಾಗೇ ನಿಲ್ಲಲಿ. ಆ ತಾಯಿ ಈಗ ಮಗುವಿನ ಜೊತೆ ದೇವದುರ್ಗದಲ್ಲಿದ್ದಾಳೆ. ಬಾಟ್ಲಿ ಕೊಟ್ಟವರು ಯಾರು ಅಂತ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಕೊಟ್ಟವನನ್ನು ಬಲ್ಲವನು ಒಬ್ಬನಿದ್ದಾನೆ, ಅಷ್ಟು ಸಾಕು.